ಮುಚ್ಚದೇ ಉಳಿದ ಕನೆಕ್ಷನ್

ಭಾರತಿ ಮೇಡಂ ಯಾರನ್ನೂ ಸುಲಭಕ್ಕೆ ನಂಬುವವರಲ್ಲ...

ತರಕಾರಿಯವಳು ತೂಗುವಾಗ ತಕ್ಕಡಿ ಬಿಟ್ಟು ಅವಳ ಬೆರಳನ್ನೇ ನೋಡುವ ಪೈಕಿ.

ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಅವರೇ ಸೀನಿಯರ್. ಊರಿನ ಒಂದು ರಕ್ತನಿಧಿಗೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಅಲ್ಲಿನ ಸಿಬ್ಬಂದಿ ರಕ್ತದ ಗುಂಪು ಹಾಕಿದರೆ ಸಾಕು... ದಾನಿಗಳ ಹೆಸರು, ಫೋನ್ ನಂಬರ್ ಬರುತ್ತಿತ್ತು.

ದಾನಿಗಳ ವಿವರವಿಟ್ಟ ಡೇಟಾಬೇಸಿಗೆ ಪ್ರಶ್ನೆ ಹೊತ್ತು ಹೋಗುವ ಒಂದೊಂದು ಎಸ್‌ಕ್ಯೂಎಲ್ ಸಾಲನ್ನೂ ಮೇಡಂ ಸ್ವಂತ ಕೈಯಿಂದ ಬರೆದಿದ್ದರು. ಇಂಥ ಕೆಲಸ ತಾನೇ ಮಾಡುವಂತೆ ಬೇರೆಯವರು ಬರೆದಿಟ್ಟ ರೆಡಿಮೇಡ್ ಫ್ರೇಮ್‌ವರ್ಕ್ ಎಂದರೆ ಅವರಿಗೆ ಆಗುತ್ತಿರಲಿಲ್ಲ.

"ಒಳಗ ಏನ್ ಮಾಡತೈತಿ ಅಂತ ಕಾಣದ್ದನ್ನ ಹೆಂಗ ನಂಬೋದು?" ಎನ್ನುತ್ತಿದ್ದರು.

ಇಂಥ ಆಫೀಸಿಗೆ ಚನ್ನವೀರ ಬಂದು ಸೇರಿದರು. ವಯಸ್ಸು ನಲವತ್ತು ದಾಟಿತ್ತು, ಕೆಲಸ ಮಾತ್ರ ಜೂನಿಯರ್... ಮೊದಲಿದ್ದ ಕಂಪನಿ ಬಾಗಿಲು ಹಾಕಿತ್ತಂತೆ.

'ಕಂಪನಿ ಬಾಗಲಾ ಹಾಕಿತ್ತೋ, ಇವರನ್ನ ಹೊರಗ ಹಾಕಿದ್ರೋ... ಯಾರಿಗೆ ಗೊತ್ತು?' ಎಂದುಕೊಂಡರು ಮೇಡಂ.

ಮೊದಲ ಮೀಟಿಂಗಿನಲ್ಲೇ ಚನ್ನವೀರ, "ಮುಂದ ಫ್ರೇಮ್‌ವರ್ಕ್ ಹಾಕಿದ್ರ ಚಲೋ ಅಕ್ಕೈತ್ರಿ" ಎಂದುಬಿಟ್ಟರು. ಅವತ್ತೇ ಮೇಡಂ ತಲೆಯಲ್ಲಿ ಹುಳ ಹೊಕ್ಕಿತು.

ಚನ್ನವೀರರ ಕೆಲಸ ಡೇಟಾಬೇಸಿನ ಬ್ಯಾಕಪ್ ನೋಡಿಕೊಳ್ಳುವುದು. ಆದರೆ ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದರೂ ಈ ಮನುಷ್ಯ ಮಾತ್ರ ಸೀಟು ಬಿಡುತ್ತಿರಲಿಲ್ಲ. ಮೇಡಂ ಹತ್ತಿರ ಬಂದರೆ ಸ್ಕ್ರೀನ್ ಮೇಲಿದ್ದ ಕಿಟಕಿ ಥಟ್ಟನೆ ಕೆಳಗಿಳಿಯುತ್ತಿತ್ತು...

ಅದೇ ಹೊತ್ತಿಗೆ ರಕ್ತನಿಧಿಯಿಂದ ಫೋನ್. "ಮೇಡಂ, ಮಧ್ಯಾಹ್ನ ಪೇಜ್ ಸ್ವಲ್ಪ ಹೊತ್ತು ನಿಂತಬಿಡ್ತೈತ್ರಿ. ಆಮ್ಯಾಲ ತಾನ ಸರಿ ಅಕ್ಕೈತ್ರಿ."

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಮೇಡಂ ಲೆಕ್ಕ ಹಾಕಿಯೇಬಿಟ್ಟರು... ಚನ್ನವೀರ ಕೀಬೋರ್ಡ್ ಮುಟ್ಟುವುದಕ್ಕೂ, ಪೇಜ್ ನಿಲ್ಲುವುದಕ್ಕೂ ಸರಿ ಹೊಂದುತ್ತದೆ.

ಒಂದು ದಿನ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಹಿಂದೆ ಹೋಗಿ ನಿಂತರು.

ಸ್ಕ್ರೀನ್ ಮೇಲೆ ಸಾಲು ಸಾಲಾಗಿ ಒಂದೇ ಕಮಾಂಡ್... ಕಿಲ್, ಕಿಲ್, ಕಿಲ್.

ಅಂದರೆ ಡೇಟಾಬೇಸಿಗೆ ಇರುವ ಕನೆಕ್ಷನ್ನುಗಳನ್ನು ಬಲವಂತವಾಗಿ ಕಡಿದುಹಾಕುವುದು. ಕಡಿಯುತ್ತಿದ್ದದ್ದು ಬೇರೆ ಯಾರದ್ದೂ ಅಲ್ಲ, ಮೇಡಂ ಪ್ರೋಗ್ರಾಮಿನ ಕನೆಕ್ಷನ್ನುಗಳನ್ನೇ.

ಮರುದಿನ ಬೆಳಿಗ್ಗೆ ವಿಷಯ ಮಾಲೀಕರಾದ ದೇಶಪಾಂಡೆ ಸರ್ ಮುಂದೆ ಹೋಯಿತು.

"ಫ್ರೇಮ್‌ವರ್ಕ್ ಹಾಕಸಬೇಕಂತ ಬೇಕಂತನ ನನ್ನ ಸೈಟ್ ಕೆಡಸಾಕತ್ತಾರ ಸರ್. ನನ್ನ ಕಣ್ಣಾರೆ ನೋಡೀನಿ" ಎಂದರು ಮೇಡಂ.

"ಏನ್ ಹೇಳ್ತೀರಿ, ಚನ್ನವೀರ?" ಸರ್ ಕೇಳಿದರು.

ಚನ್ನವೀರ ಒಮ್ಮೆ ಮೇಡಂ ಕಡೆ ನೋಡಿದರು... "ಹುಡುಕೋ ಪೇಜಿನ ಕೋಡ್ ಒಮ್ಮೆ ನೋಡೂಣೇನ್ರಿ ಅಂತ ಮೇಡಮ್ಮರಿಗೆ ಕೇಳಿದ್ದೆ, ಸರ್. ಮತ್ತೇನಿಲ್ರಿ."

ಕೇಳಿದ್ದು ನಿಜ. "ನನ್ನ ಕೋಡ್ ನಾ ನೋಡ್ಕೋತೀನಿ, ನೀವು ಬ್ಯಾಕಪ್ ನೋಡ್ಕೋರಿ" ಎಂದು ಮೇಡಂ ಮುಖ ತಿರುಗಿಸಿದ್ದೂ ನಿಜ.

ಸರ್ ಚನ್ನವೀರರಿಂದ ಡೇಟಾಬೇಸಿನ ಪಾಸ್‌ವರ್ಡ್ ವಾಪಸ್ ತೆಗೆದುಕೊಂಡರು. ಕೆಲಸ ಒಪ್ಪಿಸಿ ಇವತ್ತೇ ಹೋಗಿ ಎಂದರು. ಈ ವಯಸ್ಸಿಗೆ ಮತ್ತೊಂದು ನೌಕರಿ ಸುಲಭವಲ್ಲ ಎಂಬುದು ಆ ರೂಮಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನವಾಯಿತು. ಪೇಜ್ ನಿಂತಿತು...

ಈ ಸಲ ತಾನಾಗಿ ಸರಿಹೋಗಲಿಲ್ಲ.

ರಕ್ತನಿಧಿಯಿಂದ ಫೋನ್ ಮೇಲೆ ಫೋನ್. "ಮೇಡಂ, ಹೆರಿಗಿ ಕೇಸ್ ಐತ್ರಿ, ಓ ನೆಗೆಟಿವ್ ಬೇಕು. ಗಂಡ ಇಲ್ಲೇ ನಿಂತು ಅಳಾಕತ್ತಾನ. ಪೇಜ್ ತೆರೀವಲ್ದು."

ಮೇಡಂ ಡೇಟಾಬೇಸ್ ತೆರೆದು ನೋಡಿದರು. ಕನೆಕ್ಷನ್ನುಗಳು ತುಂಬಿ ತುಳುಕುತ್ತಿದ್ದವು. ಎಲ್ಲವೂ ಅವರವೇ... ಯಾವುದೂ ಕೆಲಸ ಮಾಡುತ್ತಿಲ್ಲ, ಎಲ್ಲವೂ ಸುಮ್ಮನೆ ಮಲಗಿವೆ.

ಜಾವಾ ಪ್ರೋಗ್ರಾಂ ಒಂದು ಕನೆಕ್ಷನ್ ತೆರೆದು ಡೇಟಾಬೇಸನ್ನು ಪ್ರಶ್ನೆ ಕೇಳುತ್ತದೆ. ಉತ್ತರ ಬಂದ ಮೇಲೆ ಅದನ್ನು ಮುಚ್ಚಲೇಬೇಕು... ಮಾತು ಮುಗಿದ ಮೇಲೆ ಫೋನ್ ಇಡುವ ಹಾಗೆ.

ದಾನಿ ಸಿಕ್ಕಾಗ ಮೇಡಂ ಕೋಡ್ ನೀಟಾಗಿ ಮುಚ್ಚುತ್ತಿತ್ತು. ಆದರೆ ದಾನಿ ಸಿಗದಿದ್ದಾಗ 'ಯಾರೂ ಇಲ್ಲ' ಎಂದು ಹೇಳಿ ಅರ್ಧದಲ್ಲೇ ಹೊರಬರುತ್ತಿತ್ತು. ಬರಿಗೈಯಲ್ಲಿ ಹೋದ ಪ್ರತಿಯೊಬ್ಬರ ಹೆಸರಿನಲ್ಲಿ ಒಂದೊಂದು ಕನೆಕ್ಷನ್ ಹಾಗೇ ಉಳಿದುಬಿಡುತ್ತಿತ್ತು. ಒಂದು ಹೊತ್ತಿಗೆ ಇಷ್ಟೇ ಕನೆಕ್ಷನ್ ಎಂಬ ಮಿತಿ ಡೇಟಾಬೇಸಿಗೆ ಇದ್ದುದರಿಂದ, ಮಧ್ಯಾಹ್ನದ ಹೊತ್ತಿಗೆ ಹೊಸಬರಿಗೆ ಜಾಗವೇ ಇರುತ್ತಿರಲಿಲ್ಲ.

ಆ ಮಲಗಿದ್ದವನ್ನು ಒಂದೊಂದಾಗಿ ಕಡಿದು ದಿನಾಲೂ ದಾರಿ ಮಾಡಿಕೊಡುತ್ತಿದ್ದದ್ದು... ಚನ್ನವೀರ.

ಈಗ ಮೇಡಂ ತಮ್ಮ ಕೈಯಾರೆ ಅದೇ ಕಮಾಂಡ್ ಟೈಪ್ ಮಾಡಬೇಕಾಯಿತು. ಕಿಲ್, ಕಿಲ್, ಕಿಲ್... ಪೇಜ್ ತೆರೆಯಿತು.

ಅವರು ಎದ್ದು ಚನ್ನವೀರರ ಟೇಬಲ್ ಕಡೆ ಓಡಿದರು. ಚನ್ನವೀರ ಬುತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದರು. ಮುಚ್ಚಳವನ್ನೂ ತೆಗೆದಿರಲಿಲ್ಲ.

"ಸರ್ ಮುಂದ ಯಾಕ ಹೇಳಲಿಲ್ರಿ? ಹೇಳಿದ್ರ ನಿಮಗ ಒಳ್ಳೆ ಹೆಸರು ಬರತಿತ್ತಲ್ಲ..."

"ನನಗ ಬರತಿತ್ತ್ರಿ. ನಿಮ್ಮದು ಹೋಗತಿತ್ತು. ಇಷ್ಟು ಕಷ್ಟಪಟ್ಟು ಕಟ್ಟೀರಿ... ನೀವ ನೋಡಿ ಸರಿ ಮಾಡಲಿ ಅಂತ ಬಿಟ್ಟಿದ್ದೆ. ಅಲ್ಲೀತನಕ ಪೇಜ್ ನಿಲ್ಲಬಾರದಲ್ರಿ."

ಮೇಡಂ ನಾಚಿಕೆಯಿಂದ ತಲೆ ತಗ್ಗಿಸಿ ನಿಂತರು.

ಆಗ ಚನ್ನವೀರ ಮೆಲ್ಲಗೆ ಕೇಳಿದರು. ತಮ್ಮ ನೌಕರಿಯ ಬಗ್ಗೆ ಅಲ್ಲ, ಮೇಡಂ ಫೋನಿನಲ್ಲಿ ಆಡಿದ್ದು ಅವರ ಕಿವಿಗೂ ಬಿದ್ದಿತ್ತು...

"ಆ ಹೆರಿಗಿ ಕೇಸಿಗೆ ದಾನಿ ಸಿಕ್ಕರೇನ್ರಿ, ಮೇಡಂ?"

ಸಿಕ್ಕಿದ್ದರು, ಪೇಜ್ ತೆರೆದೊಡನೆ ರಕ್ತನಿಧಿಯವರೇ ಫೋನಿನಲ್ಲಿ ಹೇಳಿದ್ದರು. ಹೌದೆಂದು ತಲೆಯಾಡಿಸುವಷ್ಟರಲ್ಲಿ, ಯಾರನ್ನೂ ನಂಬದ ಭಾರತಿ ಮೇಡಂ ಆಫೀಸಿನ ನಡುವೆ ನಿಂತು ಮಕ್ಕಳಂತೆ ಅತ್ತುಬಿಟ್ಟರು. ಆಮೇಲೆ ಕಣ್ಣು ಒರೆಸಿಕೊಂಡು, ಚನ್ನವೀರರ ಚೀಲವನ್ನು ತಾವೇ ಅವರ ಟೇಬಲ್ ಮೇಲಿಟ್ಟು, ತಪ್ಪು ಯಾರದೆಂದು ಹೇಳಲು ಸರ್ ರೂಮಿನ ಬಾಗಿಲು ತಟ್ಟಿದರು.

ಅನುಮಾನದ ಕಣ್ಣಿಗೆ ಕಾಪಾಡುವ ಕೈ ಕೂಡ ಕೆಡಿಸುವ ಕೈಯಾಗಿಯೇ ಕಾಣುತ್ತದೆ.

ನೀವು ಈಗ ಅನುಮಾನಿಸುತ್ತಿರುವ ಆ ಒಬ್ಬರನ್ನು... 'ನೀವು ಏನು ಮಾಡುತ್ತಿದ್ದೀರಿ?' ಎಂದು ಒಮ್ಮೆಯಾದರೂ ಸಮಾಧಾನದಿಂದ ಕೇಳಿದ್ದೀರಾ?