ಎಡಗೈಯಲ್ಲಿ ಬರೆದ ಚೀಟಿ

"ಬರೆದವನು ಯಾರೂಂತ ಗೊತ್ತಾಗ್ಲಿ, ಆ ಚೀಟೀನ ಅವನಿಗೇ ತಿನ್ನಿಸ್ತೀನಿ!"

ಹ್ಯಾಂಗರಿನ ತಗಡಿನ ಸೂರು ಅದುರಿತು. ಮೇಸ್ತ್ರಿಗೆ ಎಲ್ಲರೂ ಗುಡುಗು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅವನ ಬೆನ್ನ ಹಿಂದೆ ದುರಸ್ತಿ ಮುಗಿದ ವಿಮಾನ ನಿಂತಿತ್ತು. ನಾಲ್ಕು ಗಂಟೆಗೆ ನೂರ ನಲವತ್ತು ಜನರನ್ನು ಹೊತ್ತು ಹೊರಡಬೇಕಾದದ್ದು.

"ಬರೆದವರನ್ನ ಹುಡುಕೋದಿಲ್ಲ," ಎಂದರು ಸುರಕ್ಷತಾ ವಿಭಾಗದ ಮೇಡಂ. "ಹೆಸರು ಬರೆಯದೆ ದೂರು ಹಾಕೋ ಪೆಟ್ಟಿಗೆ ಇಟ್ಟ ದಿನವೇ ಮಾತು ಕೊಟ್ಟಿದ್ದೀನಿ. ಮೊದಲು ಸಾಮಾನು ಎಣಿಸಿ."

"ಮೂರು ತಿಂಗಳು ಬಂಜೆಯಾಗಿದ್ದ ಪೆಟ್ಟಿಗೆ, ನಾಡಿದ್ದು ತಪಾಸಣೆಯವರು ಬರ್ತಾರೆ ಅನ್ನೋವಾಗ ಮೊಟ್ಟೆ ಇಡ್ತಾ?" ಗುಡುಗು ಗೊಣಗಿದ. ಯಾರೋ ಕಿಸಕ್ಕೆಂದರು.

ಮೇಡಂ ಪಕ್ಕದಲ್ಲಿ ಕಡತವನ್ನು ಎದೆಗವಚಿಕೊಂಡಿದ್ದ ಅವರ ಸಹಾಯಕಿ ನೆಲ ನೋಡುತ್ತಿದ್ದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ನಾಲ್ಕು ಜನರೆದುರು ಬಾಯಿ ತೆರೆದರೆ ಕಿವಿಯವರೆಗೂ ಕೆಂಪಾಗುವ ಹುಡುಗಿ.

ಚೀಟಿ ಬರೆದವಳು ಅವಳೇ. ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆದಿದ್ದಳು: 'ಸಲಕರಣೆಗಳನ್ನು ಪೂರ್ತಿ ಎಣಿಸದೆ ಸಹಿ ಬೀಳುತ್ತಿದೆ.' ಅಷ್ಟೇ. ಯಾರ ಹೆಸರೂ ಇರಲಿಲ್ಲ. ಆದರೆ ಸಲಕರಣೆಗಳ ಲೆಕ್ಕದ ಪುಸ್ತಕದಲ್ಲಿ ಸಹಿ ಹಾಕುವವರು ಇಡೀ ಹ್ಯಾಂಗರಿಗೆ ಒಬ್ಬರೇ ಎಂಬುದು ಚೀಟಿ ಪೆಟ್ಟಿಗೆಗೆ ಬಿದ್ದ ಮೇಲೆ ಹೊಳೆದಿತ್ತು. ಸಲಕರಣೆ ಕೋಣೆಯ ಮಾವ. ಅವಳ ಸ್ವಂತ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದವರು. ಈ ಕೆಲಸದ ಅರ್ಜಿಯನ್ನೂ ಅವರೇ ತಂದುಕೊಟ್ಟಿದ್ದರು.

ಆ ಕೋಣೆಯ ಗೋಡೆ ತುಂಬ ಹಲಗೆಗಳು. ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದ ಗುರುತು ಬಳಿದ ಜಾಗ. ಜಾಗ ಬರಿದಾಗಿದ್ದರೆ ಸಾಮಾನು ವಿಮಾನದೊಳಗೇ ಉಳಿದಿದೆ ಎಂದರ್ಥ. ರೆಕ್ಕೆಯೊಳಗೆ ಒಂದೇ ಒಂದು ಉಳಿದು ತಂತಿಗೆ ಸಿಕ್ಕಿಕೊಂಡರೂ ಸಾಕು, ಆಕಾಶದಲ್ಲಿ ಪೈಲಟ್ ಮಾತನ್ನು ವಿಮಾನ ಕೇಳುವುದಿಲ್ಲ.

ಗುಡುಗು ತಾನೇ ಎಣಿಸಿದ. ಇನ್ನೂರ ಹನ್ನೆರಡು. ಪುಸ್ತಕದಲ್ಲೂ ಇನ್ನೂರ ಹನ್ನೆರಡು.

"ನೋಡಿದ್ರಾ? ಮೂವತ್ತೊಂದು ವರ್ಷ ದುಡಿದ ಮನುಷ್ಯನ ಮುಖಕ್ಕೆ ಮಸಿ ಬಳಿದ್ರಲ್ಲ!"

ಮಾವ ಕೊಳೆಯೇ ಇಲ್ಲದ ಕೈಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು.

ಮೇಡಂ ಗಡಿಯಾರ ನೋಡಿದರು. "ಬರೆದವರು ಬಂದು ಏನು ನೋಡಿದ್ರು ಅಂತ ನನಗೊಬ್ಬಳಿಗೇ ಹೇಳ್ಲಿ. ಮೂರು ಗಂಟೆವರೆಗೆ ಕಾಯ್ತೀನಿ. ಆಮೇಲೆ ಪ್ರಯಾಣ ರದ್ದು ಮಾಡಿ ರೆಕ್ಕೆ ಬಿಚ್ಚಿಸ್ತೀನಿ. ಅಲ್ಲೀವರೆಗೆ, ದಯವಿಟ್ಟು, ನೀವು ಬೀಗದಕೈ ಕೊಟ್ಟು ಹೊರಗಿರಿ."

ಎಲ್ಲರೂ ನೋಡುತ್ತಿದ್ದಂತೆ ಮಾವ ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿದರು. ಅವಳು ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಕಡತವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

ಎರಡೂವರೆಗೆ, ಇನ್ನು ತಡೆಯಲಾರದೆ, ಅವಳು ಹ್ಯಾಂಗರಿನ ಹಿಂಬಾಗಿಲಿಗೆ ಹೋದಳು. ಮಾವ ಮೆಟ್ಟಿಲ ಮೇಲೆ ಕೂತಿದ್ದರು. ಒಂದೇ ದಿನಕ್ಕೆ ಹತ್ತು ವರ್ಷ ಮುದುಕರಾದಂತೆ ಕಂಡರು.

"ಮಾವ, ಆ ಚೀಟಿ…"

"ನೀನು ಬರೆದದ್ದು, ಮೇಡಂ ಕೈಲಿ ನೋಡಿದಾಗ್ಲೇ ಗೊತ್ತಾಯ್ತು. ನಿಂಗೆ ಅಕ್ಷರ ತಿದ್ದಿಸಿದವನು ನಾನು ಕಣೇ, ಎಡಗೈಯಲ್ಲಿ ಬರೆದ ಮಾತ್ರಕ್ಕೆ ಗೊತ್ತಾಗಲ್ವಾ?"

ಅವಳ ಕಣ್ಣು ತುಂಬಿತು. "ಬೈದುಬಿಡಿ ಮಾವ."

"ಬೈಯೋದಾ? ನಿಂಗೆ ಕೈ ಮುಗೀಬೇಕು." ಅವರು ದನಿ ತಗ್ಗಿಸಿದರು. "ಮೊನ್ನೆ ಒಂದು ಟಾರ್ಚ್ ವಾಪಸ್ ಬರ್ಲಿಲ್ಲ. ಇನ್ನೆರಡು ತಿಂಗಳಿಗೆ ನಿವೃತ್ತಿ, ಈಗ್ಯಾಕೆ ಹೆಸರು ಕೆಡಿಸ್ಕೊಳ್ಳೋದು ಅಂತ ಪೇಟೆಯಿಂದ ಅಂಥದ್ದೇ ಒಂದು ತಂದು ನೇತುಹಾಕಿ ಸಹಿ ಮಾಡ್ದೆ. ಗುಡುಗು ಎಣಿಸಿದ್ದು ಅದನ್ನೇ. ಹಳೇದು ಎಡರೆಕ್ಕೆಯೊಳಗೇ ಇರ್ಬೇಕು."

ಅವಳು ಕೈಯಲ್ಲಿದ್ದ ಕಾಗದವನ್ನು ಮುಷ್ಟಿಯೊಳಗೆ ಮುದುಡಿಕೊಂಡಳು.

"ಎರಡು ದಿನದಿಂದ ಅನ್ನ ಸೇರಿಲ್ಲ. ಹೇಳೋಕೆ ಧೈರ್ಯ ಬರ್ಲಿಲ್ಲ. ನೀನಾದ್ರೂ ನೋಡಿದೆಯಲ್ಲ, ಸ್ವಂತ ಮಾವ ಅಂತ ಮುಚ್ಚಿಡಲಿಲ್ವಲ್ಲ!" ಅವಳ ತಲೆ ಸವರಿ, ಮಂಡಿಗೆ ಕೈಯೂರಿ ಎದ್ದು, ಮಾವ ಮೇಡಂ ಕೋಣೆಯತ್ತ ಬಿರಬಿರನೆ ನಡೆದರು.

ಅವಳು ಏನನ್ನೂ ನೋಡಿರಲಿಲ್ಲ. ತಪಾಸಣೆಯವರು ಬಂದಾಗ ಪೆಟ್ಟಿಗೆ ಖಾಲಿ ಇದ್ದರೆ ಮೇಡಂಗೆ ಅವಮಾನವಾಗುತ್ತದೆಂದು, ಯಾರಿಗೂ ನೋಯದಂಥದ್ದು ಎಂದುಕೊಂಡು, ತರಬೇತಿ ಪುಸ್ತಕದಿಂದ ಒಂದು ಸಾಲನ್ನು ಎತ್ತಿ ಬರೆದಿದ್ದಳು.

ಮಾವನಿಗೆ ತೋರಿಸಿ ಮೇಡಂಗೆ ಕೊಡಲೆಂದು ತಂದಿದ್ದ ಇನ್ನೊಂದು ಚೀಟಿ, ಈ ಸಲ ಬಲಗೈಯಲ್ಲಿ ಬರೆದದ್ದು, ಅವಳ ಮುಷ್ಟಿಯಲ್ಲಿ ಬೆವರುತ್ತಿತ್ತು: 'ಮೊದಲ ಚೀಟಿ ಸುಳ್ಳು. ವಿಮಾನವನ್ನು ಬಿಡಬಹುದು.'