ಬೆಳ್ಳಕ್ಕಿಯ ವಿನಂತಿ

"ಈ ಬೆಳ್ಳಕ್ಕಿ ಅನ್ನೋಳು ಯಾರು, ಪೆಯಿ-ರು? ನಿಂಗೇನಾದ್ರೂ ಗೊತ್ತಾ?"

ಕೆಂಡದ ಮೇಲಿನ ಜೋಳದ ತೆನೆ ತಿರುಗಿಸುತ್ತ ಶುಯಿ ತಾತ ಕೇಳಿದ. ಪೆಯಿ-ರು ತಿನ್ನುತ್ತಿದ್ದ ತೆನೆಯನ್ನು ಕೆಳಗಿಟ್ಟಳು.

"ಕಟ್ಟೇಲಿ ಯಾರೂ ನಿಜವಾದ ಹೆಸರು ಹಾಕ್ಕೊಳಲ್ಲ," ಎಂದಳು. ಸುಳ್ಳಂತೂ ಅಲ್ಲ. ಆದರೆ ಬೆಳ್ಳಕ್ಕಿ ಅವಳೇ.

ಜಿಯಾಯಿ ಪಟ್ಟಣದ ಆ ಗಲ್ಲಿಯ ಜನ ಮೊಬೈಲಿನಲ್ಲಿ ಕಲೆಯುತ್ತಿದ್ದ ಗುಂಪಿಗೆ ಗಲ್ಲಿಕಟ್ಟೆ ಎಂದು ಹೆಸರು. ಕಸದ ಗಾಡಿ ತಡವಾದದ್ದು, ಯಾರದೋ ಬೆಕ್ಕು ಕಳೆದದ್ದು, ಸ್ಕೂಟರ್ ಅಡ್ಡ ನಿಲ್ಲಿಸಿದ್ದು, ಎಲ್ಲಕ್ಕೂ ಅದೇ ಜಾಗ. ಮೊದಲು ಅಲ್ಲಿ ಬೈಗುಳ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ನಿವೃತ್ತರಾದ ಲಾನ್ ಮೇಷ್ಟ್ರು ಉಸ್ತುವಾರಿ ವಹಿಸಿಕೊಂಡ ಮೇಲೆ ಮಾತಿಗೊಂದು ಕಟ್ಟುಪಾಡು ಬಂತು. ದೂರು ಕೆಲಸದ ಮೇಲಿರಲಿ, ಮನುಷ್ಯನ ಮೇಲೆ ಬೇಡ. ನಿಮಗೆ ಗೊತ್ತಿರುವುದನ್ನಷ್ಟೇ ಹೇಳಿ. ಉತ್ತರ ಕೊಡುವ ಮುಂಚೆ ಪೂರ್ತಿ ಓದಿ. ಒರಟು ಮಾತನ್ನು ಮೇಷ್ಟ್ರು ಅಳಿಸಿಹಾಕುತ್ತಿದ್ದರು. ಮತ್ತೆ ಆಡಿದರೆ, ಆಡಿದವರನ್ನೇ ಹೊರಗಿಡುತ್ತಿದ್ದರು.

ಬೆಳ್ಳಕ್ಕಿಯ ಬರಹದಲ್ಲಿ ಅಳಿಸುವಂಥದ್ದು ಒಂದಕ್ಷರವೂ ಇರಲಿಲ್ಲ.

"ನಾನು ಶುಯಿ ತಾತನ ಜೋಳ ತಿಂದೇ ಬೆಳೆದವಳು," ಎಂದು ಬರೆದಿದ್ದಳು. "ಅವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಮನೆಯಲ್ಲಿ ಶ್ವಾಸಕೋಶ ಹದಗೆಟ್ಟ ಹಿರಿಯರೊಬ್ಬರಿದ್ದಾರೆ. ಹೊಗೆಯಿಂದ ದೂರವಿರಬೇಕೆಂದು ಡಾಕ್ಟರು ಹೇಳಿದ್ದಾರೆ. ಆ ಇದ್ದಿಲ ಒಲೆ ಉರಿಯುವವರೆಗೆ ಅದು ಆಗದ ಮಾತು. ದಯವಿಟ್ಟು ಎಲ್ಲರೂ ಸೇರಿ ಒಂದು ದಾರಿ ಹುಡುಕೋಣ."

ಮೇಷ್ಟ್ರು ಅದನ್ನು ಎಲ್ಲರಿಗೂ ಮೊದಲು ಕಾಣುವಂತೆ ಕಟ್ಟೆಯ ನೆತ್ತಿಯ ಮೇಲಿಟ್ಟರು. ಅಸಮಾಧಾನವನ್ನು ಹೀಗೆ ಹೇಳಬೇಕು ಎಂದು ಕೆಳಗೆ ಬರೆದರು. ಒಬ್ಬರಾದ ಮೇಲೊಬ್ಬರು ಸಮ್ಮತಿಸಿದರು. ಒಗೆದ ಬಟ್ಟೆಗೂ ಹೊಗೆಯ ವಾಸನೆ ಎಂದರು, ಕಿಟಕಿ ತೆರೆಯಲಾಗದು ಎಂದರು, ಎಲ್ಲವೂ ಕ್ಷಮೆ ಕೇಳಿಕೊಂಡೇ. ಯಾರೋ ಎಲ್ಲರೂ ಸೇರಿ ಚಿಮಣಿ ಹಾಕಿಸಿಕೊಡೋಣವೆಂದರು. ಬೆಳ್ಳಕ್ಕಿ ವಂದನೆ ಹೇಳಿ, ನಮ್ಮ ರೋಗಿಗೆ ಚಿಮಣಿ ಸಾಲದು ಎಂದು ಬರೆದಳು.

ಕೊನೆಗೆ ಆ ಸಂಜೆ ಮೇಷ್ಟ್ರು ಟೋಪಿ ಕೈಯಲ್ಲಿ ಹಿಡಿದು ತಾತನ ಜೋಳದ ಗಾಡಿಯ ಹತ್ತಿರ ಬಂದು, ಎಲ್ಲವನ್ನೂ ಓದಿ ಹೇಳಿ ಹೋಗಿದ್ದರು.

"ಬೈದಿದ್ರೆ ನಾನೂ ಬೈತಿದ್ದೆ," ಎಂದ ಶುಯಿ ತಾತ. "ಆ ಮಾಂಸದಂಗಡಿ ಕೋ ಅನ್ನೋನು ನನ್ನನ್ನ ಹೊಗೆಭೂತ ಅಂದಾಗ ಜೋಳದ ದಂಟಲ್ಲೇ ಹೊಡೆದು ಓಡಿಸಿದ್ದೆ. ಇವಳ ಮೇಲೆ ಏನ್ ಎಸೀಲಿ? ಇಷ್ಟು ಮರ್ಯಾದೆ ಕೊಟ್ಟು ಹೇಳಿದ್ರೆ ಮನುಷ್ಯ ಏನ್ ಮಾಡ್ಬೇಕು?" ಮಾತು ಮುಗಿಸಲು ಉಸಿರು ಸಾಲದೆ ತುಸು ತಡೆದ. "ಚಿಮಣಿನೂ ಸಾಲಲ್ಲ ಅಂದಳಂತೆ. ಒಲೆಗೆ ಅಷ್ಟು ಹತ್ರದ ಮನೆ ಯಾವ್ದೇ?"

ಪೆಯಿ-ರು ಬಗ್ಗಿ, ಕೆಳಗೆ ಬಿದ್ದ ಜೋಳದ ಸಿಪ್ಪೆ ಆರಿಸತೊಡಗಿದಳು.

"ನಂಗೇ ಗೊತ್ತಿಲ್ದೆ ಒಬ್ರನ್ನ ಸಾಯಿಸ್ತಾ ಇದ್ದೆ," ಎಂದು ಅವನು ಕೆಂಡದ ಮೇಲೆ ನೀರು ಸುರಿದ. ಅರ್ಧ ಬೆಂದ ತೆನೆಗಳ ಮೇಲೂ ಸುರಿದ.

ಮರುದಿನ ಕಟ್ಟೆಯ ತುಂಬ ಶುಯಿ ತಾತನಿಗೆ ವಂದನೆಗಳು. ಅವನು ಮುಚ್ಚಿದ ಗಾಡಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ. ಬಲಗೈ ಮೊಣಕಾಲಿನ ಮೇಲೆ ತನ್ನಷ್ಟಕ್ಕೆ ಹೊರಳುತ್ತಿತ್ತು, ತೆನೆ ತಿರುಗಿಸುವಂತೆ. ದಾರಿಹೋಕರು ತಲೆಬಾಗಿ ನಮಸ್ಕರಿಸಿ ಮುಂದೆ ಹೋಗುತ್ತಿದ್ದರು. ಕೆಲಸ ಮುಗಿಸಿ ಬರುವ ಪೆಯಿ-ರುವಿಗೆ ಆ ಕೈಯನ್ನು ದಾಟಿ ಹೋಗುವುದೇ ಕಷ್ಟವಾಯಿತು. ಅವಳು ಬಯಸಿದ್ದು ಒಲೆ ಆರಲಿ ಎಂದು. ಆರಿತ್ತು. ಅವನ ಎದುರು ನಿಂತು ಹೇಳಿ ಸೋತ ಮಾತನ್ನು ಮುಖ ಮುಚ್ಚಿಕೊಂಡು ಹೇಳಿ ಗೆದ್ದಿದ್ದಳು.

ತಡೆಯಲಾರದೆ, ಆ ಬರಹವನ್ನು ಅಳಿಸಿಬಿಡಿ ಎಂದು ಬೆಳ್ಳಕ್ಕಿಯ ಹೆಸರಿನಲ್ಲೇ ಮೇಷ್ಟ್ರಿಗೆ ಬರೆದಳು.

"ಯಾಕಮ್ಮ, ಒಂದು ಕಟ್ಟುಪಾಡನ್ನೂ ಮೀರಿಲ್ಲ ನೀವು," ಎಂದು ಮೇಷ್ಟ್ರ ಉತ್ತರ ಬಂತು. "ನಿಮ್ಮ ಮನೆಯ ಹಿರಿಯರು ಈಗ ಹೇಗಿದ್ದಾರೆ?"

"ಕೆಮ್ಮು ಕಡಿಮೆಯಾಗಿದೆ," ಎಂದು ಬರೆದಳು. ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದಳು: "ಮಾತೂ."

ರಜೆಯ ದಿನ ಮಧ್ಯಾಹ್ನ ಶುಯಿ ತಾತ ಗಾಡಿಯ ಬಳಿ ಅವಳನ್ನೇ ಕಾಯುತ್ತ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಮುಚ್ಚಿದ ಬಟ್ಟಲು.

"ಪೇರ್ ಹಣ್ಣು, ಕಲ್ಲುಸಕ್ಕರೆ ಹಾಕಿ ಹಬೇಲಿ ಬೇಯ್ಸಿದೀನಿ. ಎದೆಗೆ ಒಳ್ಳೇದು. ಆ ಬೆಳ್ಳಕ್ಕಿ ಮನೆ ಕಾಯಿಲೆಯವ್ರಿಗೆ ಕೊಟ್ಟು, ತಪ್ಪಾಯ್ತು ಅಂತ ಕೈ ಮುಗಿದು ಬರ್ತೀನಿ. ನೀನೂ ಆ ಕಟ್ಟೇಲಿ ಇದೀಯಲ್ಲ, ವಿಚಾರಿಸಿ ಹೇಳು. ಸುಮ್ನೆ ಹೋಗಿ ಬರೋದು, ಜಗಳ ಆಡಲ್ಲ."

"ಬೇಡ."

"ಯಾಕೆ ಬೇಡ? ಅಷ್ಟು ಮರ್ಯಾದಸ್ಥ ಹೆಂಗಸು, ಬಾಗಿಲು ಹಾಕ್ಕೋತಾಳಾ?"

ಪೆಯಿ-ರು ಅವನ ಕೈಯಿಂದ ಬಟ್ಟಲು ತೆಗೆದುಕೊಂಡು ನಡೆದಳು. ಅವನು ಕಾಲರ್ ಸರಿಮಾಡಿಕೊಳ್ಳುತ್ತ ಹಿಂದೆಯೇ ಬಂದ.

ಮೂಲೆಯ ಕಟ್ಟಡದ ಮೆಟ್ಟಿಲನ್ನು ಅವನು ನಿಂತು ನಿಂತು ಹತ್ತಿದ. ಅವಳು ಅಲ್ಲಲ್ಲಿ ಕಾದಳು. ಬಾಗಿಲಿನ ಮುಂದೆ ಅವನು ಅವಳ ಮುಖ ನೋಡಿ, "ನಮ್ಮನೆಗ್ಯಾಕೆ ಕರ್ಕೊಂಡ್ ಬಂದೆ?" ಎಂದ.

ಅವಳು ಬೀಗ ತೆಗೆದಳು. ಅವನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಬಟ್ಟಲಿನ ಮುಚ್ಚಳ ತೆಗೆದು ಅವನ ಮುಂದಿಟ್ಟು, ನೆಲದ ಮೇಲೆ ಮಂಡಿಯೂರಿದಳು.

"ಬೆಳ್ಳಕ್ಕಿ ಮನೆ ಇದೇ, ಅಪ್ಪ. ಆರೋಕ್ ಮುಂಚೆ ತಿನ್ನು."