ಗಂಡನ ಪಾಲಿನ ಬಿಸಿಲು

ಹಿಮ ಬೀಳುವ ಈ ಊರಲ್ಲಿ ಒಬ್ಬೊಬ್ಬರಿಗೂ ಅವರವರು ಹುಟ್ಟಿದೂರಿನ ಹವೆಯ ಒಂದು ಕೋಣೆ ಕೊಡುತ್ತಾರೆ. ಸತ್ತವರ ಹವೆಯನ್ನು ವಾಪಸು ಪಡೆಯುತ್ತಾರೆ.

ತೀರಿಹೋದ ಚನ್ನಮಲ್ಲನ ರಾಯಚೂರು ಬಿಸಿಲನ್ನು ಬಂದ್ ಮಾಡಲು ಮೆಕ್ಯಾನಿಕ್ ಬಂದಾಗ, ಹೆಂಡತಿ ಅಮರಮ್ಮ ಆ ಕೋಣೆಯ ಕುಂಬಳಬಳ್ಳಿಗೆ ನೀರು ಹಾಕುತ್ತಿದ್ದಳು. ಇದ್ದದ್ದು ಒಂದೇ ಕಾಯಿ, ಇನ್ನೂ ಹಸಿರು.

"ಹಣ್ಣಾಗೋತನಕ ಬಿಡಪ್ಪ."

"ಎರಡು ಸಲ ಬಿಟ್ಟೀನಿ, ಯವ್ವಾ. ಇನ್ನ ನನ್ನ ಕೈಯಾಗಿಲ್ಲ."

ಅವಳು ಕಾಯಿ ಕಿತ್ತು, ಚಾಕುವಿನೊಂದಿಗೆ ಅವನ ಮುಂದಿಟ್ಟಳು. "ಇಡೀ ಕುಂಬಳಕ್ಕ ಹೆಂಗಸರು ಮೊದಲು ಚಾಕು ಹಾಕಬಾರದು. ಮನಿಯಾಗ ಗಂಡಸರಿಲ್ಲ."

ಅವನು ಹೋಳು ಮಾಡಿ ಬೀಜ ಒತ್ತಿನೋಡಿದ. ಎಳೆಯವು. "ಬಿತ್ತಾಕ ಬರೂದಿಲ್ಲ, ಯವ್ವಾ."

"ಬಿತ್ತೂದೆಲ್ಲಿ, ತಮ್ಮಾ? ನಾ ಹುಟ್ಟಿದ್ದು ಇಲ್ಲೇ, ಈ ಹಿಮದಾಗ," ಎಂದು ಅವಳು ಸೆರಗು ಹೊದ್ದುಕೊಂಡಳು.

ಅವನು ಬಿಸಿಲು ನಿಲ್ಲಿಸಿದ.